ಚರ್ಚ್ ಹಾಲ್‌ನ ಕೀಲಿ ಯಾರ ಮನೆಯಲ್ಲಿದೆ?

ಕ್ರಿಸ್‌ಮಸ್ ಹತ್ತಿರ ಬಂತು ಅಂದ್ರೆ ನಮ್ಮ ಬೆಳಗಾವಿಯಲ್ಲಿ ಕಂಬಳಿ ಹಂಚುವ ಫೋಟೊಗಳು ಶುರುವಾಗುತ್ತವೆ. ಡಿಸೆಂಬರ್ ಚಳಿ ಇಲ್ಲಿ ಜೋರು. ಕಂಬಳಿ ಸಿಕ್ಕವರಿಗೆ ಅದು ಬೇಕಾಗಿಯೇ ಇರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಂಬಳಿ ಹಂಚಿದ್ದರಿಂದ ಒಂದು ಗಲ್ಲಿ ಬದಲಾಗಿದ್ದನ್ನು ನಾನು ನೋಡಿಲ್ಲ. ನಮ್ಮ ಗಲ್ಲಿ ಸ್ವಲ್ಪ ಬದಲಾಯಿತು. ಚರ್ಚಿನವರು ತಮ್ಮ ಹಾಲ್‌ನ ಒಂದು ಕೀಲಿಯನ್ನು ಚರ್ಚಿಗೆ ಸೇರದ ಅಕ್ಕಪಕ್ಕದವರ ಕೈಗೆ ಕೊಟ್ಟ ಮೇಲೆ ಬದಲಾಯಿತು. ಅದನ್ನೇ ಇವತ್ತು ಬರೆಯೋಣ ಅಂತ ಕೂತಿದ್ದೇನೆ.

ನಾನು ಆ ಚರ್ಚಿನ ಸದಸ್ಯೆ ಅಲ್ಲ. ನಮ್ಮ ಮನೆದೇವರು ಸವದತ್ತಿ ಎಲ್ಲಮ್ಮ. ಬನದ ಹುಣ್ಣಿಮೆಗೆ ಇವತ್ತಿಗೂ ಗುಡ್ಡಕ್ಕೆ ಹೋಗಿ ಬರುತ್ತೇವೆ. ಚರ್ಚಿನ ಕಾಂಪೌಂಡ್ ಗೋಡೆಯೇ ನಮ್ಮ ಹಿತ್ತಲಿನ ಗೋಡೆ, ಹಾಗಾಗಿ ಭಾನುವಾರ ಅವರ ಹಾಡು ನಮ್ಮ ಅಡುಗೆಮನೆಗೆ ಕೇಳುತ್ತದೆ. ಸಭೆ ಸಣ್ಣದು. ಆಟೋ ಓಡಿಸುವವರು, ನರ್ಸ್ ಕೆಲಸದವರು, ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವವರು, ಹೀಗೆ. ಗಲ್ಲಿಯಲ್ಲಿ ಉಳಿದವರು ಎಲ್ಲ ಥರದವರೂ ಇದ್ದೇವೆ. ಒಂದು ಮನೆಯಲ್ಲಿ ಕನ್ನಡ, ಎದುರು ಮನೆಯಲ್ಲಿ ಮರಾಠಿ, ಅದರಾಚೆ ಉರ್ದು, ಕೊನೆಯ ಮನೆಯವರು ಕೊಂಕಣಿ. ನಲ್ಲಿ ಹತ್ತಿರ ಜಗಳ ಆಡುವಾಗ ಮಾತ್ರ ನಾಲ್ಕೂ ಭಾಷೆ ಎಲ್ಲರಿಗೂ ಬರುತ್ತವೆ.

ಮೊದಲೆಲ್ಲ ಆ ಚರ್ಚಿನ ಗೇಟು ಭಾನುವಾರ ಬಿಟ್ಟರೆ ಮುಚ್ಚಿರುತ್ತಿತ್ತು. ಅವರು ಕೆಟ್ಟವರೇನಲ್ಲ, ನಾವೂ ಕೆಟ್ಟವರಲ್ಲ. ಸುಮ್ನೆ ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು. ಹಬ್ಬಕ್ಕೆ ಕೇಕು ಬರುತ್ತಿತ್ತು, ದೀಪಾವಳಿಗೆ ಕರ್ಚಿಕಾಯಿ ಹೋಗುತ್ತಿತ್ತು. ಅಷ್ಟೇ.

2019ರ ಆಗಸ್ಟ್‌ನಲ್ಲಿ ನೆರೆ ಬಂತು. ಆ ವರ್ಷ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದ್ದು ಈ ಭಾಗದ ಯಾರಿಗೂ ಮರೆತಿಲ್ಲ. ಗೋಕಾಕದಲ್ಲಿ ಲೋಳಸೂರ ಸೇತುವೆ ಮುಳುಗಿತು, ರಾಮದುರ್ಗದ ಓಣಿಗಳಿಗೆ ನೀರು ನುಗ್ಗಿತು, ಆ ಕಡೆ ಬಾಗಲಕೋಟೆ ಜಿಲ್ಲೆಯಲ್ಲಿ ಪಟ್ಟದಕಲ್ಲಿನ ಗುಡಿಗಳೇ ನೀರಲ್ಲಿ ನಿಂತವು. ಬೆಳಗಾವಿ ನಗರದಲ್ಲೂ ಮನೆಗಳು ಬಿದ್ದವು. ನಮ್ಮ ಗಲ್ಲಿಯ ಮಣ್ಣಿನ ಗೋಡೆಯ ಮನೆಯೊಂದು ಕುಸಿದಾಗ ಆ ಮನೆಯವರನ್ನು ರಾತ್ರೋರಾತ್ರಿ ಎಲ್ಲಿ ಮಲಗಿಸೋದು ಅಂತ ನೋಡುವಾಗ ಚರ್ಚ್ ಹಾಲ್ ಬಿಟ್ಟರೆ ಬೇರೆ ದೊಡ್ಡ ಜಾಗ ಇರಲಿಲ್ಲ. ಪಾಸ್ಟರ್ ಬಾಗಿಲು ತೆಗೆದರು.

ಮರುದಿನ ಅದೇ ಹಾಲ್‌ನಲ್ಲಿ ರೊಟ್ಟಿ ಕೂಡಿಸುವ ಕೆಲಸ ಶುರುವಾಯಿತು. ನೆರೆ ಬಂದ ಊರಿಗೆ ಅನ್ನ ಕಳಿಸಿದರೆ ದಾರಿಯಲ್ಲೇ ಹಳಸುತ್ತದೆ, ಕಟಕ್ ರೊಟ್ಟಿ ಹಾಗಲ್ಲ, ಒಂದು ವಾರ ಇಟ್ಟರೂ ಏನೂ ಆಗಲ್ಲ, ಜೊತೆಗೆ ಶೇಂಗಾ ಹಿಂಡಿ ಕಟ್ಟಿಕೊಟ್ಟರೆ ಒಲೆ ಇಲ್ಲದವರಿಗೂ ಊಟ ಆಗುತ್ತದೆ. ಉತ್ತರ ಕರ್ನಾಟಕದ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಾಲ್ ಚರ್ಚಿನದು, ಹಿಟ್ಟು ಗಿರಣಿಯವರದು, ರೊಟ್ಟಿ ಬಡಿದವರು ನಾವೆಲ್ಲ, ಟೆಂಪೊ ಮಸೀದಿ ಕಡೆಯ ಹುಡುಗರದು. ರೊಟ್ಟಿ ಗೋಕಾಕಕ್ಕೆ ಹೋಯಿತು. ಯಾರ ಹೆಸರಿನ ಬ್ಯಾನರ್ ಕಟ್ಟಬೇಕು ಅನ್ನುವ ಮಾತು ಬಂದಾಗ ಬ್ಯಾನರೇ ಬೇಡ ಅಂತ ಮೊದಲು ಅಂದವರು ಪಾಸ್ಟರ್. ಆ ಒಂದು ಮಾತಿಗೆ ನಾನು ಅವರನ್ನು ಮೊದಲ ಸಲ ಸರಿಯಾಗಿ ಗಮನಿಸಿದೆ.

ನೆರೆ ಇಳಿದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಸಂಜೆ ಸಂಜೆ ಮನೆಮನೆಗೆ ಬಂದು ಕೂತರು. ಅಲ್ಲಿಯವರೆಗೆ ನಮ್ಮ ಗಲ್ಲಿಗೆ ಬಂದ ಎಲ್ಲರೂ, ಅಂದ್ರೆ ಚುನಾವಣೆಗೆ ಬಂದವರು, ಸಂಸ್ಥೆಗಳಿಂದ ಬಂದವರು, ಕೇಳುತ್ತಿದ್ದ ಪ್ರಶ್ನೆ ಒಂದೇ: ನಿಮಗೇನು ಕಮ್ಮಿ ಇದೆ? ಇವರು ಕೇಳಿದ್ದು, ‘ನಿಮಗೆ ಏನ್ ಬರ್ತದ್ರಿ?’

ಇದು ಅವರ ಸ್ವಂತ ಯೋಚನೆ ಏನೂ ಅಲ್ಲ ಅಂತ ಆಮೇಲೆ ಅವರೇ ಹೇಳಿದರು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮೆಕ್‌ನೈಟ್, ಜಾನ್ ಕ್ರೆಟ್ಜ್‌ಮನ್ ಅನ್ನುವ ಇಬ್ಬರು ಚಿಕಾಗೊದಂಥ ಊರುಗಳ ಬಡ ಬಡಾವಣೆಗಳನ್ನು ನೋಡಿ 1993ರಲ್ಲಿ ಈ ದಾರಿಯನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಕೊರತೆಯ ಪಟ್ಟಿಯಿಂದ ಶುರು ಮಾಡಿದರೆ ಜನ ಕೈಚಾಚುವವರಾಗುತ್ತಾರೆ, ಇರುವ ಶಕ್ತಿಯ ಪಟ್ಟಿಯಿಂದ ಶುರು ಮಾಡಿದರೆ ಕೆಲಸಕ್ಕೆ ಕೈಹಾಕುತ್ತಾರೆ ಅನ್ನೋದು ಅದರ ಸಾರ. ಆಫ್ರಿಕಾದ ಪೂರ್ವ ದೇಶಗಳ ಹಳ್ಳಿ ಚರ್ಚುಗಳು ಸಹ ಹೀಗೇ ಊರವರನ್ನು ಕೂಡಿಸಿ ಕೆಲಸ ಮಾಡುತ್ತವೆ, ಟಿಯರ್‌ಫಂಡ್ ಅನ್ನುವ ಸಂಸ್ಥೆ ಅದಕ್ಕೆ ತರಬೇತಿ ಕೊಡುತ್ತದೆ.

ನಮ್ಮ ಗಲ್ಲಿಯ ಪಟ್ಟಿ ನೋಡಿ ನಮಗೇ ಆಶ್ಚರ್ಯ ಆಯಿತು. ನಿವೃತ್ತ ಲೈನ್‌ಮನ್ ಒಬ್ಬರು. ಬಿ.ಎಡ್ ಮುಗಿಸಿ ಮನೆಯಲ್ಲೇ ಕೂತಿದ್ದ ಹುಡುಗಿ. ಮಗ್ಗ ಬಿಟ್ಟು ಹೊಲಿಗೆ ಹಿಡಿದ ವಡಗಾವಿ ಕಡೆಯ ಅಕ್ಕ. ಹಿಂದೆ ಬಾವಿ ತೋಡುವ ಕೆಲಸ ಮಾಡಿದ್ದ ಒಬ್ಬ ಕಾಕಾ. ಮೂರು ಭಾಷೆಯಲ್ಲಿ ಅರ್ಜಿ ಬರೆಯಬಲ್ಲ ಅಜ್ಜ, ಅವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಇಷ್ಟು ವರ್ಷ ಅಕ್ಕಪಕ್ಕದಲ್ಲೇ ಇದ್ದೂ ಇವರೆಲ್ಲ ನಮಗೆ ‘ಅವರ ಮನೆಯವರು’ ಅಷ್ಟೇ ಆಗಿದ್ದರು.

ಬಾವಿ ವಿಷಯ ಹೇಳಲೇಬೇಕು. ಚರ್ಚಿನ ಕಾಂಪೌಂಡಿನಲ್ಲಿ ಹಳೇ ಬಾವಿ ಇತ್ತು, ಮೇಲೆ ತಗಡು ಮುಚ್ಚಿ, ಒಳಗೆ ಕಸ ತುಂಬಿತ್ತು. ಬೆಳಗಾವಿಗೆ ಹಳೇ ಬಾವಿಗಳೇನು ಹೊಸದಲ್ಲ, 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ತೋಡಿದ ಬಾವಿ ಟಿಳಕವಾಡಿಯಲ್ಲಿ ಇವತ್ತಿಗೂ ಇದೆ, ಎಲ್ಲರೂ ಅದನ್ನು ಕಾಂಗ್ರೆಸ್ ಬಾವಿ ಅಂತಲೇ ಕರೆಯುತ್ತಾರೆ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಮಂದಿ ನಾವು. ಬಾವಿ ತೋಡುತ್ತಿದ್ದ ಕಾಕಾ ಇಳಿದು ನೋಡಿ ಸೆಲೆ ಇದೆ ಅಂದರು. ಗಲ್ಲಿಯ ಹುಡುಗರು ಹೂಳು ಎತ್ತಿದರು, ಲೈನ್‌ಮನ್ ಕಾಕಾ ಮೋಟಾರ್ ಕೂಡಿಸಿದರು, ಗೋಡೆಗೊಂದು ನಲ್ಲಿ ಹೊರಗಡೆ ಬಂತು. ಕುಡಿಯೋಕಲ್ಲ, ಬಳಕೆಗೆ. ಆ ನಲ್ಲಿಯಲ್ಲಿ ಯಾರು ಮುಂದೆ ಯಾರು ಹಿಂದೆ ಅಂತ ಜಾತಿ ನೋಡಿ ನಿಲ್ಲುವ ಪದ್ಧತಿ ಮೊದಲ ದಿನದಿಂದಲೇ ಇಲ್ಲ. ಇದು ಸಣ್ಣ ಮಾತಲ್ಲ. ನೀರಿನ ಹತ್ತಿರ ಈ ನಾಡಿನಲ್ಲಿ ಏನೇನು ನಡೆದಿದೆ ಅಂತ ಗೊತ್ತಿದ್ದವರಿಗೆ ಅದು ಗೊತ್ತು.

ಆಮೇಲೆ ಕೊರೊನಾ. ಶಾಲೆಗಳು ಮುಚ್ಚಿದವು. ಒಂದು ಕೋಣೆಯ ಮನೆಗಳಲ್ಲಿ ಐದಾರು ಮಂದಿ, ಒಂದೇ ಮೊಬೈಲ್, ಅದೂ ಅಪ್ಪ ಕೆಲಸಕ್ಕೆ ಹೋದರೆ ಅಪ್ಪನ ಜೊತೆ. ಶಾಲೆ ಮತ್ತೆ ತೆರೆದ ಹೊತ್ತಿಗೆ ಒಂಬತ್ತನೇ ತರಗತಿಗೆ ಬಂದ ಮಕ್ಕಳಿಗೆ ಭಾಗಾಕಾರ ಬರುತ್ತಿರಲಿಲ್ಲ. ಆಗ ಹಾಲ್‌ನಲ್ಲಿ ಸಂಜೆ ಅಭ್ಯಾಸದ ಕೋಣೆ ಶುರುವಾಯಿತು. ಬಿ.ಎಡ್ ಹುಡುಗಿ ಗಣಿತಕ್ಕೆ. ಚರ್ಚಿನ ನರ್ಸ್ ಒಬ್ಬರು ಪಾಳಿ ಮುಗಿಸಿ ಬಂದು ಇಂಗ್ಲಿಷ್‌ಗೆ.

ಬೆಳಗಾವಿಯಲ್ಲಿ ಇದು ಎಷ್ಟು ಕಷ್ಟ ಅಂತ ಬೇರೆ ಊರಿನವರಿಗೆ ಗೊತ್ತಾಗಲಿಕ್ಕಿಲ್ಲ. ಒಂದೇ ಗಲ್ಲಿಯ ಮಕ್ಕಳು ಕನ್ನಡ ಮಾಧ್ಯಮ, ಮರಾಠಿ ಮಾಧ್ಯಮ, ಉರ್ದು ಮಾಧ್ಯಮ ಅಂತ ಮೂರು ಶಾಲೆಗೆ ಹೋಗುತ್ತಾರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಅವರವರ ಮಾಧ್ಯಮದಲ್ಲೇ. ಒಂದೇ ಪ್ರಮೇಯವನ್ನು ಮೂರು ಭಾಷೆಯ ಪುಸ್ತಕ ತೆರೆದಿಟ್ಟು ಹೇಳಬೇಕು. ಮೊದಮೊದಲು ಮಕ್ಕಳು ಮೂರು ಗುಂಪಾಗಿ ಕೂರುತ್ತಿದ್ದರು. ಗಣಿತ ಚೆನ್ನಾಗಿ ಬರುವ ಉರ್ದು ಮಾಧ್ಯಮದ ಹುಡುಗಿಯೊಬ್ಬಳು ಕನ್ನಡದ ಹುಡುಗರಿಗೆ ಹೇಳಿಕೊಡೋಕೆ ಶುರು ಮಾಡಿದ ಮೇಲೆ ಆ ಗುಂಪು ಒಡೆಯಿತು. ಗಡಿ ಗಲಾಟೆಗೆ ಬಸ್ಸುಗಳ ಮೇಲೆ ಮಸಿ ಬಳಿಯುವ ಊರು ನಮ್ಮದು. ಆ ಊರಿನಲ್ಲಿ ಮಕ್ಕಳು ಒಬ್ಬರ ಪುಸ್ತಕದಲ್ಲಿ ಒಬ್ಬರು ಬೆರಳಿಟ್ಟು ಓದೋದನ್ನು ನೋಡಿದರೆ ನನಗೆ ನಿಜವಾಗಲೂ ಕಣ್ಣು ತುಂಬುತ್ತದೆ.

ಅದೇ ಹೊತ್ತಿಗೆ ಮತಾಂತರದ ಮಾತು ಎದ್ದಿತು. ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ 2021ರ ಡಿಸೆಂಬರ್ 23ರಂದು ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಒಪ್ಪಿಕೊಂಡಿತು. ಮುಂದಿನ ವರ್ಷ ಅದು ಕಾಯ್ದೆ ಆಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು, ಅದು ನಂತರದ ಕಥೆ. ಆ ಡಿಸೆಂಬರ್‌ನಲ್ಲಿ ಮಾತ್ರ ನಮ್ಮ ಗಲ್ಲಿಯಲ್ಲಿ ಒಂಥರಾ ಭಯ ಇತ್ತು. ಆ ಕಾನೂನಿನಲ್ಲಿ ಆಮಿಷ ಅಂದರೆ ಏನು ಅನ್ನುವ ಪಟ್ಟಿಯಲ್ಲಿ ಉಡುಗೊರೆ, ಹಣ, ಉದ್ಯೋಗದ ಜೊತೆಗೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೂಡ ಇತ್ತು. ಚರ್ಚ್ ಹಾಲ್‌ನಲ್ಲಿ ಪುಕ್ಕಟೆ ಪಾಠ ಅಂದ ಮೇಲೆ ನಾಳೆ ಯಾರಾದರೂ ದೂರು ಕೊಟ್ಟರೆ? ಎರಡು ಮನೆಯವರು ಮಕ್ಕಳನ್ನು ಬಿಡಿಸಿದರು. ಅವರನ್ನು ನಾನು ಬೈಯುವುದಿಲ್ಲ, ಅವರಿಗೂ ಊರಿನಲ್ಲಿ ಬಾಳಬೇಕಲ್ಲ.

ಸಭೆ ಸೇರಿದ್ದು ನಮ್ಮ ಮನೆ ಪಡಸಾಲೆಯಲ್ಲಿ. ಪಾಸ್ಟರ್ ಬಂದರು, ಚರ್ಚಿನ ಹಿರಿಯರೂ ಬಂದರು, ಗಲ್ಲಿಯವರೂ ಬಂದರು. ಸುತ್ತಿ ಬಳಸಿ ಮಾತಾಡಲಿಲ್ಲ ಯಾರೂ. ಮಂದಿ ಮನಸ್ಸಿನಲ್ಲಿದ್ದದ್ದನ್ನು ಕೋರ್ಟಿನ ಅಜ್ಜ ನೇರ ಕೇಳಿಬಿಟ್ಟರು: ‘ನಮ್ ಹುಡುಗ್ರನ್ನ ನಿಮ್ ಜಾತ್ಯಾಗ ಸೇರಿಸ್ಕೊಳ್ಳಾಕ ಇದೆಲ್ಲಾ ಮಾಡಾಕತ್ತೀರೇನ್ರಿ?’ ಪಾಸ್ಟರ್ ಸಿಟ್ಟಾಗಲಿಲ್ಲ. ನನ್ನ ನಂಬಿಕೆ ಇದನ್ನು ಮಾಡು ಅಂತ ಹೇಳುತ್ತದೆ, ಅದನ್ನು ಮುಚ್ಚಿಡಲ್ಲ, ಆದರೆ ಇದಕ್ಕೆ ಬದಲಾಗಿ ನಿಮ್ಮಿಂದ ಏನೂ ಕೇಳಲ್ಲ ಅಂದರು. ಹಾಗಾದರೆ ಕೀಲಿ ನಮಗೂ ಒಂದು ಕೊಡಿ ಅಂತ ಹೊಲಿಗೆ ಅಕ್ಕ ಅಂದಳು.

ನನಗೆ ಗೊತ್ತಿದ್ದಂತೆ ಎಲ್ಲ ಬದಲಾಗಿದ್ದು ಆ ಮಾತಿನಿಂದ. ಚರ್ಚಿನ ಕೆಲವು ಹಿರಿಯರು ಒಪ್ಪಲಿಲ್ಲ. ಹಾಲ್ ನಮ್ಮ ಅಪ್ಪಂದಿರು ಕಾಣಿಕೆ ಕೂಡಿಸಿ ಕಟ್ಟಿದ್ದು, ಕರೆಂಟ್ ಬಿಲ್ ನಮ್ಮದು, ನಾಳೆ ಅಲ್ಲಿ ಏನಾದರೂ ಆದರೆ ಹೆಸರು ನಮ್ಮದು ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಕರ್ನಾಟಕದಲ್ಲಿ ಕ್ರೈಸ್ತರು 2011ರ ಜನಗಣತಿಯಂತೆ ಶೇ 1.87 ಮಾತ್ರ, ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಕಡಿಮೆ. ಸಣ್ಣ ಸಮುದಾಯಕ್ಕೆ ತನ್ನದು ಅಂತ ಇರುವ ಒಂದು ಜಾಗದ ಬಗ್ಗೆ ಅಂಜಿಕೆ ಇರೋದು ಸಹಜ. ವಾರಗಟ್ಟಲೆ ಮಾತುಕತೆ ನಡೆದು ಕೊನೆಗೆ ಒಂದು ಒಪ್ಪಂದ ಆಯಿತು. ಹಾಲ್ ನೋಡಿಕೊಳ್ಳೋಕೆ ಒಂದು ಸಮಿತಿ, ಅದರಲ್ಲಿ ಅರ್ಧ ಚರ್ಚಿನವರು, ಅರ್ಧ ಗಲ್ಲಿಯವರು. ಒಂದು ಕೀಲಿ ಹೊಲಿಗೆ ಅಕ್ಕನ ಮನೆಯಲ್ಲಿ. ಪಾಠದ ಹೊತ್ತಿನಲ್ಲಿ ಪ್ರಾರ್ಥನೆ ಇಲ್ಲ. ಪಾಠಕ್ಕೆ ಬರುವ ಪ್ರತಿ ಮನೆಯಿಂದ ತಿಂಗಳಿಗೆ 20 ರೂಪಾಯಿ, ಕರೆಂಟ್‌ಗೆ. ಈ 20 ರೂಪಾಯಿ ಕಾನೂನಿನ ಅಂಜಿಕೆಗೆ ಶುರುವಾದದ್ದು ನಿಜ. ಆದರೆ ಅದನ್ನು ಕೊಟ್ಟ ಮೇಲೆ ತಾಯಂದಿರು ‘ಯಾಕ ಇವತ್ತ ಪಾಠ ಇಲ್ಲ?’ ಅಂತ ಜೋರಾಗಿ ಕೇಳೋಕೆ ಶುರು ಮಾಡಿದರು. ಪುಕ್ಕಟೆ ಇದ್ದಾಗ ಯಾರೂ ಕೇಳುತ್ತಿರಲಿಲ್ಲ. ಬಿಡಿಸಿದ ಎರಡು ಮನೆಯ ಮಕ್ಕಳೂ ವಾಪಸ್ ಬಂದರು.

ಹಾಲ್‌ನ ಗೋಡೆ ಮೇಲಿನ ಶಿಲುಬೆ ತೆಗೆಯಬೇಕು ಅಂತ ಯಾರೋ ಅಂದಿದ್ದರು. ನಾನೇ ಬೇಡ ಅಂದೆ. ನಮ್ಮ ಮನೆಗೆ ಅವರು ಬಂದಾಗ ಜಗಲಿಯ ಮೇಲಿನ ಎಲ್ಲಮ್ಮನಿಗೆ ನಾವು ಬಟ್ಟೆ ಮುಚ್ಚುತ್ತೇವಾ? ನೆರೆಹೊರೆ ಅಂದ ಮೇಲೆ ಒಬ್ಬರ ದೇವರು ಇನ್ನೊಬ್ಬರಿಗೆ ಕಾಣಲೇಬೇಕು.

ಈ ಊರಿಗೆ ಮಿಷನ್ನಿನವರು ಹೊಸಬರಲ್ಲ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದದ್ದು 1820ರಲ್ಲಿ. ಈಗ ಬೆನನ್ ಸ್ಮಿತ್ ಅಂತ ಕರೆಯುವ ಶಾಲೆಯ ಮೂಲ 1832ರದು. ಜೆಸ್ವಿಟರ, ಅಂದ್ರೆ ಕ್ಯಾಥೊಲಿಕ್ ಗುರುಗಳ ಒಂದು ಸಂಘದ, ಸೇಂಟ್ ಪಾಲ್ಸ್ ಶಾಲೆ 1856ರದು. ಅಥಣಿ, ರಾಯಬಾಗ, ಕುಡಚಿ ಕಡೆಯವರಿಗೆ ರೋಗ ಜಾಸ್ತಿ ಆದರೆ ಇವತ್ತಿಗೂ ಬಾಯಿಗೆ ಬರುವ ಮಾತು ‘ಮಿರಜಿಗೆ ಒಯ್ರಿ’. ಅದರ ಹಿಂದೆ ವಿಲಿಯಂ ವಾನ್‌ಲೆಸ್ ಅನ್ನುವ ಡಾಕ್ಟರ್ 1894ರಲ್ಲಿ ಅಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆ ಇದೆ. ನಮ್ಮ ಅಜ್ಜಿಯ ಕಣ್ಣಿನ ಆಪರೇಷನ್ ಅಲ್ಲೇ ಆಗಿದ್ದು. ಇವೆಲ್ಲ ದೊಡ್ಡ ಕೆಲಸಗಳು, ಋಣ ಇದೆ. ಆದರೆ ಅವುಗಳ ರೊಕ್ಕವೂ ತೀರ್ಮಾನವೂ ಬಹುಮಟ್ಟಿಗೆ ಹೊರಗಿನಿಂದ ಬಂದವು.

ಈಗ ಆ ಕಾಲ ಇಲ್ಲ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ, ಆಡಳಿತದ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ದೊಡ್ಡ ಸಂಸ್ಥೆಗಳ ಮೂಲಕ ಸಣ್ಣ ಊರಿಗೆ ಹರಿಯುತ್ತಿದ್ದ ಹಣ ನಿಂತಿತು. ಎಷ್ಟೋ ಒಳ್ಳೆಯ ಕೆಲಸ ಇದರಿಂದ ನಿಂತಿದೆ, ಅದಕ್ಕೆ ನನಗೆ ಬೇಸರವಿದೆ. ನಮ್ಮ ಗಲ್ಲಿಯ ಚರ್ಚಿಗೆ ಮಾತ್ರ ಮೊದಲಿಂದಲೂ ಯಾವ ವಿದೇಶಿ ಹಣವೂ ಇರಲಿಲ್ಲ. ಹಾಲ್ ಇತ್ತು, ಬಾವಿ ಇತ್ತು. ಕೈಯಲ್ಲಿ ದುಡ್ಡಿದ್ದಿದ್ದರೆ ಅವರೇ ಟೀಚರ್ ಇಟ್ಟು, ಅವರೇ ಬೋರ್ಡ್ ಹಾಕಿ ನಡೆಸುತ್ತಿದ್ದರೇನೋ. ಇಲ್ಲದ್ದಕ್ಕೆ ನಮ್ಮನ್ನು ಕೇಳಬೇಕಾಯಿತು.

ಬೈಲಹೊಂಗಲ ತಾಲೂಕಿನ ದೇಶನೂರಿಗೆ ಹೋಗಿದ್ದೀರಾ? ಅಲ್ಲಿ ಸ್ನಾನಿಕ ಅರುಳಪ್ಪನವರ, ಅಂದ್ರೆ ಬೈಬಲ್ಲಿನ ಸ್ನಾನಿಕ ಯೋಹಾನನ, ವಿರಕ್ತಮಠ ಇದೆ. ಹೆಸರು ಕೇಳಿದರೆ ಲಿಂಗಾಯತ ಮಠ ಅನಿಸುತ್ತದೆ, ಇರೋದು ಕ್ಯಾಥೊಲಿಕ್ ದೇವಾಲಯ. ಅರ್ಮಾಂಡೊ ಆಲ್ವಾರಿಸ್ ಅನ್ನುವ ಜೆಸ್ವಿಟ್ ಗುರು ಅನಿಮಾನಂದ ಅಂತ ಹೆಸರಿಟ್ಟುಕೊಂಡು ಕಾವಿ ಉಟ್ಟು, ಮಾಂಸ ಬಿಟ್ಟು ಇಲ್ಲಿಯ ಸ್ವಾಮಿಗಳ ಹಾಗೇ ಬದುಕಿದರು. ನಂತರ ಬಂದವರೂ ಅದನ್ನು ಮುಂದುವರಿಸಿದರು. ಊರವರು ಅವರನ್ನು ಸ್ವಾಮೀಜಿ ಅಂತಲೇ ಕರೆಯುತ್ತಾರೆ. ಕಾವಿ ಉಡೋದು ಸರಿಯಾ ತಪ್ಪಾ ಅಂತ ಎರಡೂ ಕಡೆ ವಾದ ಮಾಡುವವರಿದ್ದಾರೆ. ನನಗೆ ಮುಖ್ಯ ಅನಿಸಿದ್ದು ಬೇರೆ. ಅವರು ಆ ಹಳ್ಳಿಯಲ್ಲೇ ಮನೆ ಮಾಡಿ ಇದ್ದರು. ಮಂದಿ ಉಣ್ಣೋದನ್ನೇ ಉಂಡರು, ಅವರ ಭಾಷೆಯನ್ನೇ ಆಡಿದರು. ನೆರೆಯವರಾಗಬೇಕು ಅಂದರೆ ಮೊದಲು ಅಲ್ಲೇ ಇರಬೇಕು.

ಇದರಲ್ಲೇ ನಮ್ಮ ತೊಂದರೆಯೂ ಇದೆ. ಪಾಸ್ಟರ್‌ಗಳಿಗೆ ವರ್ಗ ಆಗುತ್ತದೆ, ಫಾದರ್‌ಗಳಿಗೂ ಆಗುತ್ತದೆ. ಒಳ್ಳೆಯವರು ಬಂದು ಏನೋ ಕಟ್ಟುತ್ತಾರೆ, ಕೆಲವು ವರ್ಷಕ್ಕೆ ಬೇರೆ ಊರಿಗೆ ಆರ್ಡರ್ ಬರುತ್ತದೆ, ಅವರ ಹಿಂದೆಯೇ ಕೆಲಸವೂ ಹೋಗುತ್ತದೆ. ಎಷ್ಟೋ ಕಡೆ ಹೊಲಿಗೆ ಮಷಿನ್‌ಗಳು ಕೋಣೆಯಲ್ಲಿ ಧೂಳು ತಿನ್ನುತ್ತಿರೋದಕ್ಕೆ ಇದೇ ಕಾರಣ ಅಂತ ನನಗನಿಸುತ್ತದೆ. ನಮ್ಮ ಪಾಸ್ಟರ್‌ಗೂ ವರ್ಗ ಆಯಿತು. ಹೋಗುವ ದಿನ ಗಲ್ಲಿಯವರೆಲ್ಲ ಸೇರಿ ಹೋಳಿಗೆ ಊಟ ಹಾಕಿದೆವು, ಹಾಲ್‌ನಲ್ಲೇ. ಮರುದಿನ ಸಂಜೆ ಪಾಠ ನಡೆಯಿತು. ಕೀಲಿ ಹೊಲಿಗೆ ಅಕ್ಕನ ಮನೆಯಲ್ಲಿತ್ತಲ್ಲ, ಹೊಸಬರು ಬರೋವರೆಗೆ ಕಾಯಬೇಕಿರಲಿಲ್ಲ.

ಹೊಸ ಪಾಸ್ಟರ್ ಬಂದಿದ್ದಾರೆ. ಬಂದ ಹೊಸದರಲ್ಲಿ ಅವರಿಗೆ ಈ ಸಮಿತಿ, ಈ ಕೀಲಿ ಎಲ್ಲ ವಿಚಿತ್ರ ಅನಿಸಿತ್ತು. ಈಗ ಸಮಿತಿ ಸಭೆಗೆ ಬರುತ್ತಾರೆ, ಜಾಸ್ತಿ ಮಾತಾಡಲ್ಲ, ಚಾ ಕುಡಿದು ಎಲ್ಲ ಕೇಳಿಸಿಕೊಂಡು ಹೋಗುತ್ತಾರೆ. ಅದೇ ಒಳ್ಳೆಯದು.

ಆಗದೇ ಉಳಿದದ್ದು ಬಹಳ ಇದೆ. ಕುಡಿತ ಕಮ್ಮಿ ಆಗಿಲ್ಲ. ಚರ್ಚಿನ ಮನೆಗಳಲ್ಲೂ ಇದೆ, ನಮ್ಮಲ್ಲೂ ಇದೆ. ಸಂಬಳದ ದಿನ ರಾತ್ರಿ ಗಲ್ಲಿಯ ಒಂದೆರಡು ಮನೆಗಳಿಂದ ಬರುವ ಕೂಗು ನಿಂತಿಲ್ಲ. ಹೆಂಗಸರು ಒಂದು ಕೆಲಸ ಮಾಡಿದ್ದಾರೆ, ಹಾಗೆ ಆದ ರಾತ್ರಿ ಹೆಂಡತಿ ಮಕ್ಕಳು ಬಂದು ಮಲಗೋಕೆ ಹಾಲ್‌ನ ಹಿಂದಿನ ಕೋಣೆ ಬಿಟ್ಟಿದ್ದಾರೆ, ಬೆಳಿಗ್ಗೆ ಯಾರೂ ಏನೂ ಕೇಳಬಾರದು ಅಂತ ನಿಯಮ. ಅದರಿಂದ ಕುಡಿತ ನಿಲ್ಲಲ್ಲ. ಆ ರಾತ್ರಿ ಹೊಡೆತ ತಪ್ಪುತ್ತದೆ.

ಈ ಮಳೆಗಾಲಕ್ಕೆ ಮುಂಚೆ ಗಲ್ಲಿಯ ಗಟಾರು ಎತ್ತಿಸಬೇಕು ಅಂತ ಪಾಲಿಕೆಗೆ ಅರ್ಜಿ ಹೋಗಿದೆ. ಕೋರ್ಟಿನ ಅಜ್ಜ ಕನ್ನಡದಲ್ಲಿ ಬರೆದಿದ್ದಾರೆ, ಸಹಿ ನಾಲ್ಕು ಲಿಪಿಯಲ್ಲಿದೆ. ಜೂನ್‌ನಲ್ಲಿ ಹತ್ತನೇ ತರಗತಿಯ ಹೊಸ ಮಕ್ಕಳು ಬರುತ್ತಾರೆ. ಗಣಿತಕ್ಕೆ, ಇಂಗ್ಲಿಷ್‌ಗೆ ಮಂದಿ ಇದ್ದಾರೆ, ವಿಜ್ಞಾನಕ್ಕೆ ಯಾರೂ ಇಲ್ಲ. ಬೆಳಗಾವಿಯಲ್ಲೇ ಇರುವವರು, ವಾರಕ್ಕೆ ಎರಡು ಸಂಜೆ ಕೊಡಬಲ್ಲವರು, ಮರಾಠಿ ಅಥವಾ ಉರ್ದು ಸ್ವಲ್ಪ ಬಂದರೆ ಇನ್ನೂ ಒಳ್ಳೆಯದು. ಸಂಬಳ ಇಲ್ಲ. ರೊಟ್ಟಿ ಊಟ ನಮ್ಮ ಮನೆಯಲ್ಲಿ.